ಚಿಲ್ಲರೆಯ ನಾಲ್ಕನೆಯ ಕಾಲು

ಮಾರ್ಚ್ ೩

ಪ್ರೀತಿಯ ಅತ್ತೆಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡೋಣವೆಂದರೆ ನಾನು ನರ್ಸಾಗಿರುವುದು ಪ್ರಾಣಿಗಳ ಆಸ್ಪತ್ರೆಯಲ್ಲಿ. ಕ್ಷೇಮವಾಗಿರುವವರು ಇಲ್ಲಿಗೆ ಬರುವುದೇ ಇಲ್ಲ. ಅದಕ್ಕೇ ನೇರವಾಗಿ ಸುದ್ದಿಗೆ ಬರುತ್ತೇನೆ. ನಿನ್ನ ಚಿಲ್ಲರೆಯ ಆಪರೇಷನ್ ಮುಗಿಯಿತು. ಹಿಂದಿನ ಬಲಗಾಲಿನ ತೊಡೆಮೂಳೆಗೆ ಪ್ಲೇಟು ಕೂರಿಸಿ ಸ್ಕ್ರೂ ಬಿಗಿದಿದ್ದಾರೆ. ನಿನಗೂ ಬಲಗಾಲು, ಅವನಿಗೂ ಬಲಗಾಲು. ನಿನಗೂ ತೊಡೆ, ಅವನಿಗೂ ತೊಡೆ. ಪೈಪು ಹಾಕುವವರು ಅಗೆದಿಟ್ಟ ಒಂದೇ ಗುಂಡಿಗೆ ಇಬ್ಬರೂ ಬಿದ್ದು ಒಂದೇ ಮೂಳೆ ಮುರಿದುಕೊಂಡಿದ್ದೀರಿ. "ಇಷ್ಟು ಹೊಂದಾಣಿಕೆ ನಾನು ಗಂಡ ಹೆಂಡ್ತೀರಲ್ಲೂ ನೋಡಿಲ್ಲ" ಎಂದರು ನಮ್ಮ ಡಾಕ್ಟರಮ್ಮ.

ಅಪ್ಪನಿಗೆ ಮಾತ್ರ ಸಿಟ್ಟು ಇಳಿದಿಲ್ಲ. ನಮ್ಮೂರಿನಲ್ಲಿ ಮನುಷ್ಯರ ತೊಡೆ ಜೋಡಿಸುವವರಿಲ್ಲದೆ ನಿನ್ನನ್ನು ಅಷ್ಟು ದೂರದ ದೊಡ್ಡಾಸ್ಪತ್ರೆಗೆ ಸಾಗಿಸಬೇಕಾಯಿತು, ನಾಯಿಯದನ್ನು ಇಲ್ಲೇ ಜೋಡಿಸಿದರು. "ನಾಯಿಗಿರೋ ಯೋಗ ನಮ್ಮಕ್ಕನಿಗಿಲ್ಲ" ಎಂದು ಗೊಣಗುತ್ತಲೇ ಇದ್ದಾರೆ.

ಡಾಕ್ಟರಮ್ಮನದೊಂದು ವಿಚಿತ್ರ ಸ್ವಭಾವ. ಪ್ರಾಣಿಗಳನ್ನೆಲ್ಲ ಬಹುವಚನದಲ್ಲಿ ಮಾತನಾಡಿಸುತ್ತಾರೆ, ಮನುಷ್ಯರನ್ನು ಏಕವಚನದಲ್ಲಿ. ಬೆಕ್ಕಿಗೆ "ಸ್ವಲ್ಪ ಬಾಯಿ ತೆಗೀತೀರಾ, ತಾಯಿ?" ಎನ್ನುತ್ತಾರೆ, ಬೆಕ್ಕಿನ ಒಡತಿಗೆ "ಏ, ಗಟ್ಟಿಯಾಗಿ ಹಿಡ್ಕೊಳೇ" ಎನ್ನುತ್ತಾರೆ. ಆ ಒಡತಿ ಶಾಲೆಯ ಹೆಡ್‌ಮಿಸ್ಸು. ಮೊದಲು ಕೆಂಪಾದರು, ಈಗ ಅಭ್ಯಾಸವಾಗಿದೆ.

ಚಿಲ್ಲರೆಯ ಹೆಸರು ಬರೆಸುವಾಗ ಅವರಿಗೆ ನಗು ತಡೆಯಲಾಗಲಿಲ್ಲ. "ಇದೆಂಥ ಹೆಸರೇ?" ಎಂದರು. "ನಮ್ಮತ್ತೆ ಬಸ್ ಕಂಡಕ್ಟರಾಗಿದ್ರು. ಸರ್ವಿಸ್ ಇರೋವರೆಗೂ ಚಿಲ್ಲರೆ ಕೊಡಿ, ಚಿಲ್ಲರೆ ಕೊಡಿ ಅಂತ ಗಂಟಲು ಹರ್ಕೊಂಡ್ರೂ ಒಬ್ರೂ ಕೊಡ್ಲಿಲ್ವಂತೆ. ರಿಟೈರಾದ ದಿನ ಡಿಪೋ ಗೇಟಲ್ಲಿ ಈ ಮರಿ ಸಿಕ್ತು" ಎಂದೆ.

ಬೇಗ ನಡೆಯುತ್ತಾನೆ, ಚಿಂತೆ ಬೇಡ. ಗುಂಡಿಯಿಂದ ಎತ್ತಿದ ನಿನ್ನ ಕೈಚೀಲ ನನ್ನ ಹತ್ತಿರವೇ ಇದೆ. ಫೋನ್ ಮಾಡಲಾ?

ನಿನ್ನ ಮರಿ


ಮಾರ್ಚ್ ೯

ಮರಿ,

ಆಶೀರ್ವಾದ. ಫೋನ್ ಮಾಡಬೇಡ. ಇಲ್ಲಿ ಫೋನು ನರ್ಸಿನ ಮೇಜಿನ ಮೇಲಿದೆ. ಒಬ್ಬರಿಗೆ ಫೋನು ಬಂದರೆ ಇಡೀ ವಾರ್ಡು ನರಳುವುದನ್ನು ನಿಲ್ಲಿಸಿ ಕಿವಿಗೊಡುತ್ತದೆ. ಕಾಗದವೇ ಬರೆ. ಅಕ್ಷರ ಸ್ವಲ್ಪ ದೊಡ್ಡದಾಗಿರಲಿ. ನಿನ್ನ ಬರಹ ಇರುವೆ ಮಸಿಯಲ್ಲಿ ಬಿದ್ದು ಎದ್ದು ಹೋದ ಹಾಗಿದೆ.

ಚಿಲ್ಲರೆಗೆ ಅನ್ನ ಬಿಸಿಯಾಗಿ ಹಾಕಬೇಡ, ಮೂಸಿ ಬಿಟ್ಟುಬಿಡುತ್ತಾನೆ. ಎಡಗಿವಿಯ ಹಿಂದೆ ಕೆರೆದರೆ ಇಷ್ಟ, ಬಲಗಿವಿ ಮುಟ್ಟಿದರೆ ಆಗುವುದಿಲ್ಲ. ನಿಮ್ಮಪ್ಪನನ್ನು ಹತ್ತಿರ ಬಿಡಬೇಡ, ಬಿಸ್ಕತ್ತು ಕೊಟ್ಟು ಕೆಡಿಸುತ್ತಾನೆ.

ನನ್ನ ವಿಷಯ ಕೇಳಬೇಡ, ನಾನು ಆಗಲೇ ನಡೆಯುತ್ತಿದ್ದೇನೆ! ನಡಿಗೆ ಕಲಿಸಲು ಒಬ್ಬ ಹುಡುಗ ಬರುತ್ತಾನೆ, ನಾವು ಡ್ರಿಲ್ ಮಾಸ್ಟರ್ ಎನ್ನುತ್ತೇವೆ. ನನ್ನ ವೇಗಕ್ಕೆ ಅವನಿಗೇ ಏದುಸಿರು. ನಿನ್ನೆ ವರಾಂಡದ ಕೊನೆಯ ಕಿಟಕಿಯವರೆಗೆ ಹೋಗಿ ಬಂದೆ. ಹೊರಗೊಂದು ದೊಡ್ಡ ಮರ, ಕೆಳಗೆ ಕಲ್ಲಿನ ಬೆಂಚು, ಬೆಂಚಿನ ಮೇಲೆ ಒಬ್ಬ ಮುದುಕ ಪೇಪರು ಓದುತ್ತಿದ್ದ. ಪಕ್ಕದ ಹಾಸಿಗೆಯಲ್ಲಿ ಬೇಕರಿ ಇಟ್ಟಿರುವ ಹೆಂಗಸಿದ್ದಾಳೆ, ಮಂಡಿ ಆಪರೇಷನ್ನು. ಬಾಯಿ ಮಾತ್ರ ಗಟ್ಟಿಮುಟ್ಟಾಗಿದೆ.

ಚಿಲ್ಲರೆ ನಡೆದನಾ? ಅದನ್ನು ಮೊದಲು ಬರೆ.

ಅತ್ತೆ


ಮಾರ್ಚ್ ೧೫

ಪ್ರೀತಿಯ ಅತ್ತೆಗೆ,

ನಡೆದನಾ ಎಂದು ಕೇಳುತ್ತೀಯಲ್ಲ, ಓಡುತ್ತಿದ್ದಾನೆ! ನಮ್ಮ ವಾರ್ಡಿನಲ್ಲಿ ಕಾವಲುಗಾರನೊಬ್ಬನ ಹುಂಜವಿದೆ, ಪಾದಕ್ಕೆ ಗಾಯವಾಗಿ ಪಟ್ಟಿ ಕಟ್ಟಿಸಿಕೊಂಡು ಬಿಳಿ ಬೂಟು ಹಾಕಿದ ಸಾಹೇಬನ ಹಾಗೆ ಓಡಾಡುತ್ತದೆ. ನಿನ್ನೆ ಚಿಲ್ಲರೆ ಅದರ ಹಿಂದೆ ಬಿದ್ದು ಅಂಗಳ ಪೂರ್ತಿ ಸುತ್ತಿಸಿದ. ಹುಂಜ ಮರ ಹತ್ತಿತು. ಹೆಡ್‌ಮಿಸ್ಸಿನ ಬೆಕ್ಕು ಕಿಟಕಿಯಲ್ಲಿ ಕೂತು ನೋಡುತ್ತಿತ್ತು. ಪಾಪ, ಅದರ ದವಡೆಗೆ ತಂತಿ ಕಟ್ಟಿದ್ದಾರೆ, ಇಲ್ಲದಿದ್ದರೆ ನಕ್ಕೇಬಿಡುತ್ತಿತ್ತು.

ನೀನೂ ಇಷ್ಟು ಬೇಗ ನಡೆದೆ ಎಂದು ಓದಿ ನಾನು ವಾರ್ಡಿನಲ್ಲೇ ಕುಣಿದೆ. ಡಾಕ್ಟರಮ್ಮ ಗದರಿದರು. ಇಲ್ಲಿ ಜೋರು ಮಾತು, ಚಪ್ಪಾಳೆ, ಯಾವ ಸದ್ದೂ ಕೂಡದು. ಹೊಲಿಗೆ ಹಾಕಿದ ಪ್ರಾಣಿ ಬೆಚ್ಚಿಬಿದ್ದು ಎಗರಿದರೆ ಹೊಲಿಗೆ ಬಿಚ್ಚುತ್ತದೆ.

ಸುಮ್ಮನೆ ಒಂದು ಮಾತು ಕೇಳುತ್ತೇನೆ. ಮನೆಯಲ್ಲಿ ಚಿಲ್ಲರೆಯನ್ನು ಹೊರಗೆ ಕರೆದುಕೊಂಡು ಹೋಗುವಾಗ ನೀನು ಏನೆಂದು ಕರೆಯುತ್ತೀಯ? ಬಾ ಎನ್ನುತ್ತೀಯಾ, ನಡಿ ಎನ್ನುತ್ತೀಯಾ, ಬೇರೆ ಏನಾದರೂ ಮುದ್ದಿನ ಮಾತಿದೆಯಾ? ವಿಶೇಷವೇನಿಲ್ಲ, ತಿಳಿದುಕೊಳ್ಳೋಣ ಎಂದು.

ನಿನ್ನ ಮರಿ


ಮಾರ್ಚ್ ೨೧

ಮರಿ,

ಚಿಲ್ಲರೆ ಓಡಿದ ಎಂದು ಓದಿ ಸಂತೋಷವಾಯಿತು. ಬೇಕರಿಯವಳಿಗೆ ಓದಿ ಹೇಳಿದೆ. ಅವಳು ವಾರ್ಡಿಗೆಲ್ಲ ಹೇಳಿದಳು. ಈಗ ಎಲ್ಲರೂ ನನ್ನನ್ನು "ಓಡೋ ನಾಯಿ ಅಮ್ಮ" ಎನ್ನುತ್ತಾರೆ.

ಕರೆಯುವುದು ಹೇಗೆ ಎಂದು ಕೇಳಿದ್ದೀಯ. ನಾನು ಅವನನ್ನು ಕರೆಯುವುದೇ ಇಲ್ಲ. ಬಾಗಿಲು ತೆಗೆದರೆ ಅವನು ಮುಂದೆ, ನಾನು ಹಿಂದೆ. ಬಸ್ಸು ಹೊರಡಲಿ ಎಂದು ಯಾರಾದರೂ ಅದರ ಗಲ್ಲ ಹಿಡಿದು ಮುದ್ದು ಮಾಡುತ್ತಾರಾ? ಬಾ ಕಂದ, ಹೋಗು ಕಂದ ಎಲ್ಲ ನಿಮ್ಮಪ್ಪನಂಥವರಿಗೆ.

ಹುಂಜ ಮರ ಹತ್ತುವಷ್ಟು ಜೋರಾಗಿ ಓಡಿದನಾ? ಮೊದಲಿಗಿಂತ ಜೋರಾ? ಸರಿ. ಚಿಕ್ಕ ವಯಸ್ಸು, ರಕ್ತ ಬಿಸಿ ಇದೆ.

ನಾನೂ ಚೆನ್ನಾಗಿದ್ದೇನೆ. ಮರ ಹಾಗೇ ಇದೆ. ಬೆಂಚಿನ ಮುದುಕನೂ ಇದ್ದಾನೆ.

ಅತ್ತೆ


ಮಾರ್ಚ್ ೨೭

ಪ್ರೀತಿಯ ಅತ್ತೆಗೆ,

ಈ ಸಲ ಕಾಗದ ಗಿಡ್ಡವಾಯಿತು, ಬೈಗುಳವೂ ಕಡಿಮೆ. ನಡೆದು ನಡೆದು ಸುಸ್ತಾಗಿರಬೇಕು. ನಿನ್ನನ್ನು ನಗಿಸಲು ಒಂದು ಸುದ್ದಿ ಇದೆ.

ನಮ್ಮ ಆಸ್ಪತ್ರೆಯಲ್ಲೊಂದು ಪದ್ಧತಿ. ಬರುವಾಗ ಯಾರು ಹೇಗೆ ಬೇಕಾದರೂ ಬರಲಿ, ಬುಟ್ಟಿಯಲ್ಲಿ, ಗೋಣಿಯಲ್ಲಿ, ಹೆಗಲ ಮೇಲೆ. ಹೋಗುವಾಗ ಮಾತ್ರ ಸ್ವಂತ ಕಾಲಿನಲ್ಲಿ ನಡೆದು ಹೋಗಬೇಕು. ವಾರ್ಡಿನ ಬಾಗಿಲಿಂದ ಬೀದಿಯ ಬಾಗಿಲವರೆಗೆ ಉದ್ದನೆಯ ಓಣಿಯಿದೆ. ಡಾಕ್ಟರಮ್ಮ, ನಾವು ನರ್ಸುಗಳು, ಗುಡಿಸುವಾಕೆ ಎಲ್ಲರೂ ಎರಡೂ ಬದಿಗೆ ನಿಂತು ಬೀಳ್ಕೊಡುತ್ತೇವೆ. ಮೊನ್ನೆ ಕ್ಷೌರದಂಗಡಿಯವರ ಆಮೆ ಮನೆಗೆ ಹೊರಟಿತು. ಅಂಗಡಿಯ ಶಟರು ಬಿದ್ದು ಚಿಪ್ಪು ಸೀಳಿತ್ತು, ಅಂಟು ಹಾಕಿ ಕೂಡಿಸಿದ್ದರು. ಆಮೆಗೂ ಅದೇ ಪದ್ಧತಿ ಎಂದುಬಿಟ್ಟರು ಡಾಕ್ಟರಮ್ಮ! ನಾವು ನಿಂತೆವು, ನಿಂತೇ ಇದ್ದೆವು. ಅರ್ಧ ದಾರಿಯಲ್ಲಿ ಅದು ತಲೆ ಒಳಗೆ ಎಳೆದುಕೊಂಡು ನಿದ್ದೆ ಹೊಡೆಯಿತು. ಕ್ಷೌರಿಕರು "ಎತ್ಕೊಂಡು ಹೋಗ್ಲಾ ತಾಯಿ, ಗಿರಾಕಿ ಮುಖಕ್ಕೆ ಸೋಪು ಹಚ್ಚಿ ಬಂದಿದ್ದೀನಿ" ಎಂದು ಗೋಗರೆದರು. "ಅವರು ಎದ್ದ ಮೇಲೆ ಹೋಗ್ತಾರೆ, ನೀನು ಬಾಯ್ಮುಚ್ಕೊಂಡು ನಿಲ್ಲು" ಎಂದರು ಡಾಕ್ಟರಮ್ಮ. ಊಟದ ಹೊತ್ತು ಕಳೆಯಿತು, ಟೀ ಹೊತ್ತು ಬಂತು. ಕೊನೆಗೆ ಆಮೆ ಹೊಸಲು ದಾಟಿದಾಗ ನಾವೆಲ್ಲ ಸದ್ದಿಲ್ಲದೆ ಕೈ ಬೀಸಿದೆವು. ಕ್ಷೌರಿಕರ ಕಣ್ಣಲ್ಲಿ ನೀರಿತ್ತು. ಗಿರಾಕಿ ಅಷ್ಟರಲ್ಲಿ ಅರ್ಧ ಗಡ್ಡದಲ್ಲೇ ಮನೆಗೆ ಹೋಗಿದ್ದನಂತೆ.

ಚಿಲ್ಲರೆ ಚೆನ್ನಾಗಿದ್ದಾನೆ. ನಿನ್ನ ವಾಸನೆ ಇರಲಿ ಎಂದು ನಿನ್ನ ಕೈಚೀಲವನ್ನು ಅವನ ಗೂಡಿನೆದುರಿನ ಮೊಳೆಗೆ ತೂಗುಹಾಕಿದ್ದೇನೆ. ಯಾವಾಗಲೂ ಅದನ್ನೇ ನೋಡುತ್ತಿರುತ್ತಾನೆ. ನಿನ್ನ ನೆನಪು ಬಹಳ ಎಂದು ಕಾಣುತ್ತದೆ. ಓಡುವುದು ಮುಗಿದ ಮೇಲೆ ನೋಡುತ್ತಾನೆ ಎನ್ನು.

ನಿನ್ನ ಮರಿ


ಏಪ್ರಿಲ್ ೧

ಮರಿ,

ಯೋಚನೆ ಮಾಡಿಯೇ ಬರೆಯುತ್ತಿದ್ದೇನೆ, ನಡುವೆ ಬಾಯಿ ಹಾಕದೆ ಓದು.

ಚಿಲ್ಲರೆಯನ್ನು ಊರಾಚೆಯ ಹಾಲಿನವರ ಮನೆಗೆ ಕೊಟ್ಟುಬಿಡು. ಒಳ್ಳೆಯ ಜನ. ದೊಡ್ಡ ಬಯಲಿದೆ, ಹಸುಗಳಿವೆ, ಓಡಾಡುವ ಮಕ್ಕಳಿದ್ದಾರೆ. ಓಡುವ ನಾಯಿಗೆ ಓಡುವ ಮನೆ ಬೇಕು. ನನ್ನದು ಎರಡನೇ ಮಹಡಿಯ ಒಂದು ಕೋಣೆ.

ನಾನು ಇನ್ನು ಸ್ವಲ್ಪ ಊರು ಸುತ್ತಬೇಕೆಂದಿದ್ದೇನೆ. ಇಷ್ಟು ವರ್ಷ ಜನರನ್ನು ಹತ್ತಿಸಿ ಇಳಿಸಿದ್ದಾಯಿತು, ಇನ್ನು ನಾನು ಸೀಟಿನಲ್ಲಿ ಕೂತು ಹೋಗುತ್ತೇನೆ. ನಾಯಿ ಕಟ್ಟಿಕೊಂಡು ಅದೆಲ್ಲ ಆಗುವುದಿಲ್ಲ. ನನ್ನ ಕೈಚೀಲವನ್ನು ಅವನ ಕಣ್ಣೆದುರಿಂದ ತೆಗೆ. ಬೇಗ ಮರೆಯುತ್ತಾನೆ. ನಾಯಿಗಳು ಬೇಗ ಮರೆಯುತ್ತವೆ.

ಇದರ ಮೇಲೆ ಮಾತು ಬೇಡ.

ಅತ್ತೆ


ಏಪ್ರಿಲ್ ೫

ಮಾನ್ಯ ಅತ್ತೆಯವರಿಗೆ,

ನಿಮ್ಮ ಕಾಗದ ತಲುಪಿತು. ನೀವು ಊರು ಸುತ್ತುವ ವಿಚಾರ ತಿಳಿದು ಸಂತೋಷ. ಕಾಲು ಗಟ್ಟಿಯಾದ ಕೂಡಲೇ ಮನಸ್ಸೂ ಇಷ್ಟು ಗಟ್ಟಿಯಾಗುತ್ತದೆ ಎಂದು ನನಗೆ ತಿಳಿದಿರಲಿಲ್ಲ.

ಆದರೆ ಚಿಲ್ಲರೆಯನ್ನು ಹಾಲಿನವರಿಗೆ ಕೊಡಲಾಗುವುದಿಲ್ಲ. ಯಾರಿಗೂ ಕೊಡಲಾಗುವುದಿಲ್ಲ. ಅವನು ಓಡುತ್ತಿಲ್ಲ. ನಡೆಯುತ್ತಲೂ ಇಲ್ಲ. ಇಲ್ಲಿಗೆ ಬಂದ ಮೇಲೆ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ನಾನು ಬರೆದದ್ದೆಲ್ಲ ಸುಳ್ಳು. ಹುಂಜ ಮರ ಹತ್ತಿದ್ದು ಗುಡಿಸುವಾಕೆಯ ಪೊರಕೆಗೆ ಹೆದರಿ. ನೀವು ಅಲ್ಲಿ ಕಷ್ಟಪಟ್ಟು ನಡೆಯುತ್ತಿರುವಾಗ ಮನಸ್ಸಿಗೆ ನೋವು ಕೊಡಬಾರದು ಎಂದು ಹಾಗೆ ಬರೆದೆ.

ಮೂಳೆ ಕೂಡಿದೆ, ನರಗಳೂ ಸರಿಯಿವೆ. ಆದರೂ ಕಾಲು ಊರುವುದಿಲ್ಲ. ಬಾ ಎಂದರೂ ಇಲ್ಲ, ನಡಿ ಎಂದರೂ ಇಲ್ಲ. ಡಾಕ್ಟರಮ್ಮ ನೆಲದ ಮೇಲೆ ಅವನ ಪಕ್ಕದಲ್ಲೇ ಕೂತು "ದಯವಿಟ್ಟು ಎದ್ದೇಳಿ ಸ್ವಾಮಿ" ಎಂದು ಬೇಡಿಕೊಂಡರು. ಎತ್ತಿ ನಿಲ್ಲಿಸಿದರೆ ಮೂರು ಕಾಲಲ್ಲಿ ನಿಲ್ಲುತ್ತಾನೆ, ಬಿಟ್ಟರೆ ಕೂರುತ್ತಾನೆ. ಬಳಸದ ಕಾಲು ಸೊರಗಿ ಕಡ್ಡಿಯಾಗುತ್ತಿದೆ, ಮಂಡಿ ಸೆಟೆದುಕೊಳ್ಳುತ್ತಿದೆ. ಹೀಗೇ ಬಿಟ್ಟರೆ ಅದನ್ನು ಎಳೆದೆಳೆದು ಗಾಯ ಮಾಡಿಕೊಳ್ಳುತ್ತಾನಂತೆ. ಬರುವ ಸೋಮವಾರ ಆ ಕಾಲನ್ನು ತೆಗೆಯುತ್ತಾರೆ. ಹೇಳುವಾಗ ಡಾಕ್ಟರಮ್ಮ ನನ್ನ ಮುಖ ನೋಡಲಿಲ್ಲ.

ನಿಮ್ಮ ಕೈಚೀಲವನ್ನು ತೆಗೆದಿಲ್ಲ. ತೆಗೆಯಲು ಹೋದಾಗ ಅವನು ಅತ್ತ. ನಾಯಿಗಳು ಬೇಗ ಮರೆಯುತ್ತವೆ ಎಂದು ನಿಮಗೆ ಯಾರು ಹೇಳಿದರೋ ಗೊತ್ತಿಲ್ಲ.

ಇತಿ,
ನಿಮ್ಮ ತಮ್ಮನ ಮಗಳು


ಏಪ್ರಿಲ್ ೯

ಅಯ್ಯೋ ಕತ್ತೇ! ಮಂಕೇ! ನನ್ನ ಬಂಗಾರವೇ!

ನಿನ್ನ ಕಾಗದ ಈಗ ಬೆಳಿಗ್ಗೆ ಬಂತು. ಇದನ್ನು ಅಂಚೆಗೆ ಹಾಕುತ್ತಿಲ್ಲ, ಅಂಚೆಯನ್ನು ನಂಬಿದರೆ ಸೋಮವಾರ ಕಳೆದುಹೋಗುತ್ತದೆ. ನಮ್ಮ ಹಳೆಯ ಡಿಪೋದ ಬಸ್ಸು ಇಲ್ಲಿಂದ ಹೊರಡುತ್ತದೆ, ಕಂಡಕ್ಟರಿನ ಕೈಗೆ ಕೊಡಿಸುತ್ತೇನೆ. ಅವನು ಇನ್ನೊಬ್ಬನಿಗೆ ಕೊಡುತ್ತಾನೆ. ಸಂಜೆಗೆ ನಿನ್ನ ಕೈಯಲ್ಲಿರುತ್ತದೆ.

ಮೊದಲು ಡಾಕ್ಟರಮ್ಮನಿಗೆ ಹೇಳು, ಚಾಕು ಒಳಗಿಡಿ ಎಂದು. ಆಮೇಲೆ ನನ್ನ ಕೈಚೀಲ ಬಿಚ್ಚು. ಒಳಗಡೆ ಇನ್ನೊಂದು ಜೇಬಿದೆ, ಅದರಲ್ಲಿ ನನ್ನ ಸೀಟಿ ಇದೆ. ಎರಡು ಸಲ ಊದು. ಎರಡು ಊದಿದರೆ ಹೊರಡು, ಒಂದು ಊದಿದರೆ ನಿಲ್ಲು. ಮರಿಯಾಗಿದ್ದಾಗಿನಿಂದ ಅವನಿಗೆ ಗೊತ್ತಿರುವುದು ಅದೊಂದೇ. ನಿಮ್ಮ ಬಾ, ನಡಿ, ದಯವಿಟ್ಟು ಎಲ್ಲ ಅವನಿಗೆ ಪ್ರಯಾಣಿಕರ ಗಲಾಟೆ ಇದ್ದ ಹಾಗೆ. ಸೀಟಿ ಬೀಳದೆ ಗಾಡಿ ಹೇಗೆ ಹೊರಡುತ್ತದೆ? ಮೂಳೆ ಕೂಡದಿದ್ದಾಗ ಕೂತ, ಸರಿ. ಕೂಡಿದ ಮೇಲೂ ಹೊರಡು ಎಂದು ಯಾರೂ ಹೇಳಲಿಲ್ಲ, ಅದಕ್ಕೇ ಕೂತಿದ್ದಾನೆ. ಆ ಚೀಲವನ್ನು ನನ್ನ ನೆನಪಿಗೆ ನೋಡುತ್ತಿದ್ದಾನೆ ಎಂದುಕೊಂಡೆಯಾ? ಸೀಟಿ ಯಾವಾಗ ಬೀಳುತ್ತದೋ ಎಂದು ಕಾಯುತ್ತಿದ್ದಾನೆ!

ನೀನು ಕೇಳಿದ್ದೆ, ಏನೆಂದು ಕರೆಯುತ್ತೀಯ ಎಂದು. ಕರೆಯುವುದಿಲ್ಲ ಎಂದು ಬರೆದೆ. ನಿಜವೇ ಬರೆದೆ ಕಣೇ. ಸೀಟಿ ಊದುವುದನ್ನು ಯಾವ ಕಂಡಕ್ಟರಾದರೂ ಕರೆಯುವುದು ಎಂದುಕೊಳ್ಳುತ್ತಾರಾ? ಅದು ನನಗೆ ಉಸಿರಾಡಿದ ಹಾಗೆ. ನೀನು ಅವನು ನಡೆಯುತ್ತಿಲ್ಲ ಎಂದು ಒಂದು ಸಾಲು ಬರೆದಿದ್ದರೆ ಅವತ್ತೇ ಹೇಳುತ್ತಿದ್ದೆ. ಓಡುತ್ತಾನೆ, ಹುಂಜ ಮರ ಹತ್ತಿತು ಎಂದು ಕಥೆ ಕಟ್ಟಿದೆ.

ಬೈಯಲು ನನಗೇನು ಯೋಗ್ಯತೆ? ನಾನೂ ನಡೆದಿಲ್ಲ ಮರಿ. ಹಾಸಿಗೆಯಿಂದ ಕಾಲು ಕೆಳಗಿಟ್ಟಿಲ್ಲ. ಡ್ರಿಲ್ ಮಾಸ್ಟರ್ ಬಂದರೆ ಹೊದಿಕೆ ಮುಖದ ಮೇಲೆ ಎಳೆದುಕೊಳ್ಳುತ್ತಿದ್ದೆ. ಭಯ. ಮತ್ತೆ ಬೀಳುತ್ತೇನೆ ಎಂಬ ಭಯ. ಚಲಿಸುವ ಬಸ್ಸಿನ ಫುಟ್‌ಬೋರ್ಡಿನಲ್ಲಿ ಒಂಟಿ ಕಾಲಲ್ಲಿ ನಿಂತವಳಿಗೆ ನೆಲ ಕಂಡರೆ ಭಯ! ಯಾರಿಗೆ ಹೇಳಲಿ? ಕಿಟಕಿ, ಮರ, ಬೆಂಚು, ಮುದುಕ ಎಲ್ಲ ಬೇಕರಿಯವಳು ಹೇಳಿದ್ದು. ನೀನು ಅವನು ಓಡುತ್ತಿದ್ದಾನೆ ಎಂದು ಬರೆದಾಗಲೆಲ್ಲ ನನಗೆ ಸಂತೋಷವಾಗುತ್ತಿತ್ತು, ಆಮೇಲೆ ನನ್ನ ಕಾಲು ನೋಡಿಕೊಳ್ಳುತ್ತಿದ್ದೆ. ಅಂಥ ಓಟದ ನಾಯಿ ಮಂಚದ ಮೇಲಿನ ಮುದುಕಿಯ ಜೊತೆ ಏನು ಮಾಡೀತು? ಅದಕ್ಕೇ ಕೊಟ್ಟುಬಿಡು ಎಂದೆ. ಊರು ಸುತ್ತುವುದೆಲ್ಲ ಬರೀ ಬೊಗಳೆ. ಆ ಕಾಗದ ಅಂಚೆಗೆ ಹಾಕಿಸಿ ದಿಂಬು ಒದ್ದೆ ಮಾಡಿಕೊಂಡೆ.

ಇವತ್ತು ನಿನ್ನ ಕಾಗದದಲ್ಲಿ ನೀವು, ನಿಮ್ಮ ಎಂದಿರುವುದು ನೋಡಿ ಮೊದಲು ಎದೆ ಧಸಕ್ಕೆಂದಿತು. ಹುಟ್ಟಿದಾಗಿನಿಂದ ನೀನು ನನ್ನನ್ನು ಬಹುವಚನದಲ್ಲಿ ಕರೆದವಳಲ್ಲ. ಪೂರ್ತಿ ಓದಿ ಮುಗಿಸಿದ ಮೇಲೆ ಏನಾಯಿತೋ ತಿಳಿಯದು, ನಗು ಬಂತು, ಅಳುವೂ ಬಂತು. ಡ್ರಿಲ್ ಮಾಸ್ಟರನ್ನು ಕೂಗಿದೆ. "ಏನಮ್ಮಾ?" ಎಂದ. "ಎಬ್ಬಿಸಪ್ಪ ನನ್ನ. ನನ್ನ ನಾಯಿ ಕಾಲು ತೆಗೀತಾರಂತೆ. ನಾನು ಹೋಗ್ಬೇಕು" ಎಂದೆ. ಕೈ ಹಿಡಿದ. ಕಾಲು ಕೆಳಗಿಟ್ಟೆ. ಬಲಗಾಲು ನಡುಗಿತು, ನಾನು ಅದನ್ನು ಬಾಯಿ ತುಂಬಾ ಬೈದೆ, ಹೆಜ್ಜೆ ಇಟ್ಟಿತು. ವಾರ್ಡಿನವರೆಲ್ಲ "ರೈಟ್! ರೈಟ್!" ಎಂದು ಕೂಗಿದರು. ವರಾಂಡದ ಕಿಟಕಿಯವರೆಗೆ ಹೋದೆ, ನಿಜವಾಗಿ ಹೋದೆ. ಹೊರಗೆ ಮರವೂ ಇಲ್ಲ, ಬೆಂಚೂ ಇಲ್ಲ. ಸೈಕಲ್ ನಿಲ್ಲಿಸುವ ತಗಡಿನ ಶೆಡ್ಡು ಇದೆ. ಬೇಕರಿಯವಳೂ ಹಾಸಿಗೆ ಬಿಟ್ಟು ಎದ್ದಿರಲಿಲ್ಲ, ಕಳ್ಳಿ!

ಬಸ್ಸಿಗೆ ಹೊತ್ತಾಯಿತು. ಹೋಗು, ಊದು. ಹೆದರಬೇಡ, ಎದೆ ತುಂಬಾ ಉಸಿರೆಳೆದು ಊದು.

ನಿನ್ನ ಅತ್ತೆ, ಏಕವಚನದವಳು


ಏಪ್ರಿಲ್ ೧೦

ನನ್ನ ಅತ್ತೇ, ಅತ್ತೇ, ಅತ್ತೇ!

ನಿನ್ನೆ ಸಂಜೆ ಕಂಡಕ್ಟರೊಬ್ಬರು ಟಿಕೆಟ್ ಚೀಲ ಬಗಲಲ್ಲಿ ಇಟ್ಟುಕೊಂಡೇ ಆಸ್ಪತ್ರೆಗೆ ನುಗ್ಗಿ "ಮರಿ ಅಂದ್ರೆ ಯಾರ್ರೀ?" ಎಂದು ಕೂಗಿದರು. ಇಲ್ಲಿ ಮರಿಗಳಿಗೇನು ಬರ, ಗುಡಿಸುವಾಕೆ ಅವರನ್ನು ನೇರ ನಾಯಿಮರಿಗಳ ಗೂಡಿನ ಹತ್ತಿರ ಕರೆದುಕೊಂಡು ಹೋದಳು. ಹೊರಗೆ ಬಸ್ಸು ನಿಂತಿತ್ತು, ಕಿಟಕಿಗಳಲ್ಲೆಲ್ಲ ತಲೆಗಳು. ನಾನು ಓದಿ ಮುಗಿಸುವವರೆಗೂ ಕಂಡಕ್ಟರು ಕದಲಲಿಲ್ಲ. "ಏನಾಯ್ತು ಅಂತ ನೋಡ್ಕೊಂಡೇ ಹೋಗ್ತೀನಮ್ಮ, ಅಕ್ಕ ಕೇಳಿದ್ರೆ ಏನ್ ಹೇಳ್ಲಿ?" ಎಂದರು.

ಡಾಕ್ಟರಮ್ಮನಿಗೆ ಕಾಗದ ತೋರಿಸಿದೆ. ಅವರು ಓದಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಓದಿದರು. "ಏನೇ ಇದು, ಇಷ್ಟು ಓದಿದ ನನ್ನ ತಲೆಗೇ ಹೊಳೀಲಿಲ್ವಲ್ಲೇ. ಹೊಳೆಯೋದಾದ್ರೂ ಹೇಗೆ?" ಎಂದರು. ಚೀಲ ಬಿಚ್ಚಿದೆ. ಸೀಟಿ ಹೊರಗೆ ಬಂದ ಕೂಡಲೇ ಚಿಲ್ಲರೆಯ ಎರಡೂ ಕಿವಿ ನೆಟ್ಟಗಾದವು. ನಾನು ಊದಿದೆ. ಬರೀ ಗಾಳಿ ಹೋಯಿತು. ಕಂಡಕ್ಟರು ಊದಲು ಮುಂದೆ ಬಂದರು. ಡಾಕ್ಟರಮ್ಮ ಅವರನ್ನು ತಡೆದರು. "ನನ್ನ ವಾರ್ಡು, ನನ್ನ ರೂಲು. ಮುರಿಯೋದಿದ್ರೆ ನಾನೇ ಮುರೀತೀನಿ" ಎಂದು ಸೀಟಿಯನ್ನು ಕಿತ್ತುಕೊಂಡು ಕೆನ್ನೆ ಉಬ್ಬಿಸಿ ಎರಡು ಸಲ ಊದಿದರು. ಅಬ್ಬಬ್ಬಾ! ಹೆಡ್‌ಮಿಸ್ಸಿನ ಬೆಕ್ಕು ಬೀರುವಿನ ತುದಿಗೆ ಹಾರಿತು. ಹುಂಜ ಹೊತ್ತುಗೊತ್ತಿಲ್ಲದೆ ಕೂಗಿತು.

ಚಿಲ್ಲರೆ ಎದ್ದ.

ಮುಂಗಾಲು ಇಟ್ಟ, ಹಿಂದಿನ ಎಡಗಾಲು ಇಟ್ಟ. ಬಲಗಾಲು ಗಾಳಿಯಲ್ಲೇ ಇತ್ತು. ಬೆರಳ ತುದಿ ನೆಲಕ್ಕೆ ತಾಗಿಸಿದ, ಎತ್ತಿದ, ಮತ್ತೆ ತಾಗಿಸಿದ. ಆಮೇಲೆ ಪಾದ ಪೂರ್ತಿ ಊರಿದ ಅತ್ತೆ, ಪೂರ್ತಿ! ವಾಲಾಡುತ್ತಾ, ಕುಂಟುತ್ತಾ ನಾಲ್ಕೂ ಕಾಲಲ್ಲಿ ನಡೆದ. ಡಾಕ್ಟರಮ್ಮ ನೆಲಕ್ಕೆ ಕೂತೇಬಿಟ್ಟರು. ನಾವೆಲ್ಲ ಅಳುತ್ತಾ ನಿಂತು ಒಂದು ಸೀಟಿ ಊದುವುದನ್ನೇ ಮರೆತೆವು. ಅವನು ಗೋಡೆಯವರೆಗೂ ಹೋಗಿ ಗೋಡೆಗೆ ಮೂಗು ಒತ್ತಿಕೊಂಡು ನಿಂತ. "ಸ್ಟಾಪ್ ಬಂತು, ಇಳೀರಿ ಸ್ವಾಮಿ" ಎಂದರು ಡಾಕ್ಟರಮ್ಮ. ಕಂಡಕ್ಟರು ಹೊರಗೋಡಿ ಬಸ್ಸಿನವರಿಗೆ ಹೇಳಿದರು. ಬಸ್ಸಿನಿಂದ ಬಂದ ಚಪ್ಪಾಳೆ ನಮ್ಮ ವಾರ್ಡಿಗೂ ಕೇಳಿಸಿತು.

ಕಾಲು ತೆಗೆಯುವುದಿಲ್ಲ. ದಿನವೂ ನಡೆಸಿದರೆ ಮಾಂಸ ತುಂಬುತ್ತದಂತೆ. ಸ್ವಲ್ಪ ಕುಂಟು ಉಳಿಯಬಹುದು. ಡಾಕ್ಟರಮ್ಮ ನಿನಗೊಂದು ಮಾತು ಬರೆಯಲು ಹೇಳಿದ್ದಾರೆ, ಅವರದೇ ಮಾತಿನಲ್ಲಿ ಬರೆಯುತ್ತೇನೆ: "ನೀವು ಬೇಗ ಗುಣವಾಗಿ ಬನ್ನಿ." ಅತ್ತೆ, ಅವರು ಮನುಷ್ಯರೊಬ್ಬರಿಗೆ ನೀವು ಎಂದಿದ್ದನ್ನು ನಾನು ಇದೇ ಮೊದಲು ಕೇಳಿದ್ದು.

ಹಾಲಿನವರ ಮನೆಗೆ ಹೇಳಿದ್ದೇನೆ, ಹಾಲು ಮಾತ್ರ ಕಳಿಸಿ ಎಂದು.

ನಿನ್ನ ಮರಿ


ಮೇ ೧೮

ಮರಿ,

ಒಂದೇ ಊರಿನಲ್ಲಿದ್ದುಕೊಂಡು ಕಾಗದ ಯಾಕೆ ಎನ್ನುತ್ತೀಯ. ಎದುರಿಗೆ ಹೇಳಿದರೆ ನೀನು ಅಳುತ್ತೀಯ, ನಿನ್ನನ್ನು ನೋಡಿ ನಾನು ಅಳುತ್ತೇನೆ, ನಮ್ಮಿಬ್ಬರನ್ನು ನೋಡಿ ಇವನು ಬೊಗಳುತ್ತಾನೆ. ಕಾಗದವೇ ವಾಸಿ.

ನಿನ್ನೆ ಚಿಲ್ಲರೆಯನ್ನು ಕರೆದೊಯ್ಯಲು ಬಂದಾಗ ನಿಮ್ಮ ಆಸ್ಪತ್ರೆಯ ಓಣಿಯಲ್ಲಿ ಎಲ್ಲರೂ ಎರಡೂ ಬದಿಗೆ ನಿಂತದ್ದು ನೋಡಿ ನನಗೆ ನಾಚಿಕೆಯಾಯಿತು. ಕೋಲು ಊರಿಕೊಂಡು ಮದುಮಗಳ ಹಾಗೆ ತಲೆ ತಗ್ಗಿಸಿ ಬಂದೆ. ಆ ಡಾಕ್ಟರಮ್ಮ ನನಗೆ ಬಾಗಿ ನಮಸ್ಕಾರ ಮಾಡಿದರಲ್ಲ, ಅದು ನನಗೋ ಚಿಲ್ಲರೆಗೋ ಎಂದು ಕೇಳಿ ತಿಳಿಸು.

ಆಟೋದಿಂದ ಇಳಿದ ಮೇಲೆ ನೀನು ಮೇಲೆ ಬರುತ್ತೇನೆ ಎಂದೆ, ನಾನು ಬೇಡ ಎಂದು ಗದರಿಸಿ ಕಳಿಸಿದೆ. ಬೇಜಾರು ಮಾಡಿಕೊಂಡೆ ಎಂದು ಗೊತ್ತು. ಮೆಟ್ಟಿಲು ಹತ್ತುವಾಗ ನನ್ನ ಮುಖ ಯಾರೂ ನೋಡಬಾರದಿತ್ತು, ಅಷ್ಟೇ. ಕೆಳಗೆ ನಿಂತು ತಲೆಯೆತ್ತಿ ನೋಡಿದೆ. ಎರಡು ಮಹಡಿ! ಇಷ್ಟು ವರ್ಷ ಹತ್ತಿಳಿದ ಮೆಟ್ಟಿಲು ನಿನ್ನೆ ಆಕಾಶಕ್ಕೆ ಏಣಿ ಹಾಕಿದ ಹಾಗೆ ಕಂಡಿತು. ಇವನನ್ನು ಮುಂದೆ ಕಳಿಸಿಬಿಡೋಣ, ಮೇಲೆ ಹೋಗಿ ಬಾಗಿಲಲ್ಲಿ ಕಾಯಲಿ, ನಾನು ಕೂತು ಕೂತು ಬರುತ್ತೇನೆ ಎಂದುಕೊಂಡೆ. ಎರಡು ಸೀಟಿ ಊದಿದೆ.

ಕದಲಲಿಲ್ಲ.

ಮತ್ತೆ ಊದಿದೆ. ಇಲ್ಲ. ಕಿವಿ ಕೇಳದೆ ಹೋಯಿತೇನೋ ಎಂದು ಗಾಬರಿಯಾಗಿ ಇನ್ನೂ ಜೋರಾಗಿ ಊದಿದೆ. ಕೆಳಗಿನ ಮನೆಯವರು ಕಿಟಕಿ ತೆಗೆದು ನೋಡಿದರು, ಇವನು ಮಾತ್ರ ನಿಂತೇ ಇದ್ದ. ನನ್ನ ಬಲಗಾಲನ್ನೇ ನೋಡುತ್ತಿದ್ದ ಮರಿ. ಕಂಬಿ ಹಿಡಿದು ನಾನು ಮೊದಲ ಮೆಟ್ಟಿಲಿಗೆ ಕಾಲಿಟ್ಟೆ. ಆಗ ಅವನೂ ಇಟ್ಟ. ನಾನು ನಿಂತೆ, ನಿಂತ. ಸುಧಾರಿಸಿಕೊಂಡು ಎರಡನೆಯದಕ್ಕೆ ಇಟ್ಟೆ, ಇಟ್ಟ. ಸೀಟಿಯನ್ನು ಬಾಯಿಂದ ತೆಗೆದು ಸೆರಗಿನಲ್ಲಿ ಗಂಟು ಹಾಕಿಕೊಂಡೆ. ಈ ಪ್ರಾಣಿಯನ್ನು ಹಾಲಿನವರ ಮನೆಗೆ ಕೊಡು ಎಂದು ಬರೆದಿದ್ದೆನಲ್ಲ, ಆ ನನ್ನ ಕೈಗೆ ಹೊಡೆಯಬೇಕು.

ಮೇಲೆ ತಲುಪಿದಾಗ ಎದುರು ಮನೆಯಾಕೆ ಬಾಗಿಲಲ್ಲೇ ನಿಂತಿದ್ದಳು. "ಏನ್ ಅಕ್ಕಾ, ಆಟೋ ಬಂದು ಎಷ್ಟೊತ್ತಾಯ್ತು! ಇಷ್ಟೊತ್ತು ಬೇಕಾಯ್ತಾ ಹತ್ತೋಕೆ?" ಎಂದಳು.

"ಅವಸರ ಯಾರಿಗಿತ್ತು?" ಎಂದೆ. "ಇಬ್ಬರೂ ಒಟ್ಟಿಗೆ ಬಂದ್ವಿ."

ಅತ್ತೆ